ಎಲೆಕ್ಷನ್ ಆದ್ಮೇಲೆ ಮಾತು ಬಿಟ್ಟೋರನ್ನ ಒಂದೇ ಚಾಪೆ ಮೇಲೆ ಕೂರ್ಸೋದು ಹೆಂಗೆ? ನಿಮ್ಮೂರಲ್ಲಿ ಹೆಂಗ್ ಮಾಡಿದ್ರಿ ಹೇಳಿ

ಕೆರೆಏರಿ (ಮಂಡ್ಯ ಕಡೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ದು ಇನ್ನೂರು ಮನೆ ದಾಟಿರೋ ಊರು. 2023ರ ಮೇ 10ಕ್ಕೆ ವಿಧಾನಸಭೆಗೆ ಓಟ್ ಹಾಕಿದ್ವಲ್ಲ, 13ಕ್ಕೆ ರಿಸಲ್ಟ್ ಬಂತು, ಅವತ್ತು ಸಾಯಂಕಾಲ ಗೆದ್ದೋರು ಪಟಾಕಿ ಹೊಡಿತಾ ಮೆರವಣಿಗೆ ಬಂದ್ರು, ಸೋತ ಪಾರ್ಟಿಯವ್ರ ಒಂದು ಮನೆ ಮುಂದೆ ಬಂದಾಗ ಅಲ್ಲೇ ನಿಂತ್ಕೊಂಡು ಸರ ಹಚ್ಚಿದ್ರು. ಅಲ್ಲಿಂದ ಶುರು. ಬೈದಾಟ ಆಯ್ತು, ಅಂಗಿ ಹಿಡ್ಕೊಂಡ್ರು, ಹಿರೀಕ್ರು ಬಿಡ್ಸಿದ್ರು. ಅಷ್ಟಕ್ಕೇ ಮುಗೀಬೇಕಿತ್ತು, ಮುಗೀಲಿಲ್ಲ. ಅವತ್ತಿಂದ ಊರು ಎರಡು ಗುಂಪು.

ನನಗೆ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಮೇಲಿರೋ ಲೀಡರ್‌ಗಳು 2018ರಲ್ಲಿ ಕಾಂಗ್ರೆಸ್ಸು ಜೆಡಿಎಸ್ಸು ಸೇರಿ ಸರ್ಕಾರ ಮಾಡಿದ್ರು, 2023ಕ್ಕೆ ಎದುರುಬದರು ನಿಂತ್ರು, 2024ರ ಲೋಕಸಭೆಗೆ ಜೆಡಿಎಸ್ಸು ಬಿಜೆಪಿ ಒಂದಾದ್ರು. ಆರು ವರ್ಷದೊಳಗೆ ಅವರು ಇಷ್ಟ್ ಸಲ ಕೈ ಕುಲುಕಿದ್ದಾರೆ, ತಪ್ಪು ಅಂತಾನೂ ನಾನು ಹೇಳಲ್ಲ, ರಾಜಕೀಯ ಅಂದ್ರೆ ಅದೂ ಇರುತ್ತೆ. ಆದ್ರೆ ನಮ್ಮ ದೊಡ್ಡಪ್ಪನ ಮಗ ಮತ್ತೆ ನಮ್ಮಣ್ಣ, ಒಂದೇ ಬದು ಆಚೆ ಈಚೆ ಗದ್ದೆ ಇರೋರು, ಇವತ್ತಿಗೂ ಒಬ್ರ ಮುಖ ಒಬ್ರು ನೋಡಲ್ಲ.

ಇದರಿಂದ ಏನೇನು ಹೋಯ್ತು ಗೊತ್ತಾ. ಮೊದಲು ನಾಟಿ ಟೈಮಲ್ಲಿ ಮುಯ್ಯಾಳು ಇತ್ತು, ಇವತ್ತು ನಿಮ್ಮ ಗದ್ದೆಗೆ ನಮ್ಮನೆಯೋರು, ನಾಳೆ ನಮ್ಮ ಗದ್ದೆಗೆ ನಿಮ್ಮನೆಯೋರು, ದುಡ್ಡಿನ ಮಾತೇ ಇಲ್ಲ. ಈಗ ಪಾರ್ಟಿ ನೋಡ್ಕೊಂಡು ಮುಯ್ಯಿ. ಆ ಕಡೆ ಆಳು ಸಿಗ್ಲಿಲ್ಲ ಅಂದ್ರೆ ಹೊರಗಿನೋರ್ನ ಟೆಂಪೋದಲ್ಲಿ ಕರ್ಕೊಂಡ್ ಬಂದು ಕೂಲಿ ಕೊಟ್ಟು ನಾಟಿ ಮಾಡಿಸ್ತಾರೆ, ಪಕ್ಕದ ಮನೇಲಿ ನಾಲ್ಕು ಜನ ಕೈ ಕಟ್ಕೊಂಡು ಕೂತಿರ್ತಾರೆ. ಇನ್ನ ಮಾರಮ್ಮನ ಹಬ್ಬ. ಯಜಮಾನಿಕೆ ಯಾರ್ದು, ಪಟ್ಟಿ ಎತ್ತೋರು ಯಾರು ಅಂತ ಕಿತ್ತಾಡಿ ಹಬ್ಬ ನಿಂತೇ ಹೋಗಿದೆ. ಕೊಟ್ಟ ಹೆಣ್ಮಕ್ಳು ಫೋನ್ ಮಾಡಿ ಈ ಸಲನಾದ್ರೂ ಹಬ್ಬ ಇದ್ಯಾ ಅಂತಾರೆ, ಏನು ಹೇಳೋದು.

ಒಂದೇ ಒಂದು ಜಾಗ ಉಳಿದಿದೆ, ಹಾಲಿನ ಡೈರಿ. ಬೆಳಿಗ್ಗೆ ಸಂಜೆ ಎಲ್ಲಾ ಪಾರ್ಟಿಯೋರೂ ಒಂದೇ ಲೈನಲ್ಲಿ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ, ಫ್ಯಾಟ್ ಕಮ್ಮಿ ಬಂದ್ರೆ ಎಲ್ರಿಗೂ ಒಂದೇ ಸಿಟ್ಟು, ಬಟವಾಡೆ ಲೇಟಾದ್ರೆ ಎಲ್ರೂ ಸೇರಿ ಸೆಕ್ರೆಟ್ರಿನ ಕೇಳ್ತಾರೆ. ಅಲ್ಲಿ ನಿಂತಾಗ ನನಗೆ ಅನ್ಸೋದು, ಇವರಿಗೆ ಮಾತಾಡಕ್ಕೆ ಬರಲ್ಲ ಅಂತೇನಿಲ್ಲ.

ಪಂಚಾಯ್ತಿ ಎಲೆಕ್ಷನ್ ಬಂದ್ರೆ ಇನ್ನೂ ಕೆಡುತ್ತೆ. ಅದಕ್ಕೆ ಮುಂಚೆ ಎಲ್ರನ್ನೂ ಕೂರ್ಸಬೇಕು ಅಂತ ನಾವು ಐದಾರು ಜನ ಅನ್ಕೊಂಡಿದೀವಿ, ಎರಡೂ ಕಡೆಯೋರಿದ್ದೀವಿ. ಪಾರ್ಟಿ ಬಿಡಿ ಅಂತ ಯಾರಿಗೂ ಹೇಳಲ್ಲ, ಬೇರೆ ಬೇರೆ ಓಟ್ ಹಾಕೊಂಡೇ ಒಂದೂರಲ್ಲಿ ಇರೋದು ಹೆಂಗೆ ಅನ್ನೋದಷ್ಟೇ. ನಿಮ್ಮೂರಲ್ಲಿ ಮಾಡಿದ್ರೆ ಹೇಳಿ. ಕೆಟ್ಟಿದ್ರೆ ಅದನ್ನೂ ಹೇಳಿ.

ಮಲಪ್ರಭಾ ದಂಡಿ (ನರಗುಂದ ಕಡೆ)

ನಮಸ್ಕಾರ್ರೀ. ನಿಮ್ಮ ಡೈರಿ ಮಾತು ಓದಿ ನಮಗ ನಮ್ಮ ಧರಣಿ ಟೆಂಟ್ ನೆನಪಾತು.

ನಮ್ಮ ಕಡೆ ನೀರಂದ್ರ ಜೀವ. 1980ರ ಜುಲೈ 21ಕ್ಕ ನರಗುಂದ ನವಲಗುಂದದಾಗ ರೈತರ ಮ್ಯಾಲ ಗೋಲಿಬಾರ್ ಆತು, ನೀರಿನ ಕರ, ಅಭಿವೃದ್ಧಿ ಕರ ಕೊಡಂಗಿಲ್ಲಂತ ಎದ್ದ ಜನ ಅವ್ರು, ರಾಜ್ಯದಾಗ ರೈತ ಚಳವಳಿ ಹುಟ್ಟಿದ್ದ ಆ ಬೆಂಕಿ ಒಳಗಿಂದ. ಆಮ್ಯಾಲ 2015ರ ಜುಲೈದಾಗ ಮಹದಾಯಿ ನದಿ ನೀರಿನ ಸಲುವಾಗಿ ನರಗುಂದದಾಗ ಧರಣಿ ಕುಂತ್ವಿ. ಕುಂತವರೊಳಗ ಎಲ್ಲಾ ಪಕ್ಷಕ್ಕ ಓಟ್ ಹಾಕಾವ್ರು ಇದ್ರು. ನನ್ನ ಬಾಜೂಕ ಕುಂತಿದ್ದ ಕಾಕಾ, ಎಲೆಕ್ಷನ್ದಾಗ ನಾನು ಯಾರಿಗೆ ಓಟ್ ಹಾಕ್ತೀನೋ ಅವ್ರನ್ನ ಕಂಡ್ರ ಆಗದಾಂವ. ಆದ್ರ ರೊಟ್ಟಿ ಗಂಟು ಬಿಚ್ಚಿದ್ರ ಇಬ್ರದೂ ಒಂದ ತಾಟು.

ಆದ್ರ ಖರೇ ಹೇಳ್ತೀನ್ರಿ, ಅಷ್ಟಕ್ಕ ನಾವು ಖುಷಿಪಟ್ಟು ಸುಮ್ನಿದ್ವಿ, ಅದ ತಪ್ಪಾತು. ನೀರು ಬೇಕು ಅನ್ನೂದ್ರಾಗ ಎಲ್ಲಾರೂ ಒಂದ, ನೀರು ಯಾಕ ಬಂದಿಲ್ಲ ಅನ್ನೂದ್ರಾಗ ಬ್ಯಾರೆ ಬ್ಯಾರೆ. ಒಬ್ಬಂವ ದಿಲ್ಲಿಗೆ ಬೈತಾನ, ಒಬ್ಬಂವ ಬೆಂಗಳೂರಿಗೆ ಬೈತಾನ, ಮತ್ತೊಬ್ಬಂವ ಗೋವಾಕ್ಕ. ಆ ಮಾತು ಬಂತಂದ್ರ ಒಗ್ಗಟ್ಟು ಮುರೀತದ ಅಂತ ಅಂಜಿ ಅದನ್ನ ತಗೀಲೇ ಇಲ್ಲ. 2018ರ ಆಗಸ್ಟ್‌ದಾಗ ನ್ಯಾಯಮಂಡಳಿ ತೀರ್ಪು ಬಂದು ಕರ್ನಾಟಕಕ್ಕ 13.42 ಟಿಎಂಸಿ ಅಂತು, ಅವತ್ತ ರಾತ್ರಿ ಇದು ಗೆಲುವೋ ಸೋಲೋ, ಯಾರಿಂದ ಆತು ಅಂತ ನಮ್ಮೂರ ಕಟ್ಟಿ ಮ್ಯಾಲ ಶುರುವಾದ ಜಗಳ ಮೂರು ವರ್ಷ ಕುದೀತು. ಒಟ್ಟಿಗೆ ಕುಂತು ಉಣ್ಣೂದು ಬ್ಯಾರೆ, ಒಟ್ಟಿಗೆ ಕುಂತು ಭಿನ್ನಾಭಿಪ್ರಾಯ ಮಾತಾಡೂದು ಬ್ಯಾರೆ. ಮೊದಲನೇದು ನಮಗ ಬರ್ತದ, ಎರಡನೇದು ಕಲೀಬೇಕು. ನಿಮ್ಮ ಹಬ್ಬ ಮಾಡಿಬಿಟ್ರ ಎಲ್ಲಾ ಸರಿ ಆತು ಅನ್ಕೋಬ್ಯಾಡ್ರಿ ಅಣ್ಣಾರ.

ಹತ್ತನೇ ಮಹಡಿ (ಬೆಂಗಳೂರು)

ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ರಾಜಕೀಯ ಬ್ಯಾನ್ ಮಾಡಿದೀವಿ, ಜಗಳ ನಿಂತಿದೆ. ಊರಲ್ಲೂ ಹಾಗೇ ರೂಲ್ ಮಾಡ್ಬಹುದಲ್ವಾ?

ಮಲಪ್ರಭಾ ದಂಡಿ

ನಿಂತದ, ಹೌದ್ರಿ. ಮತ್ತ ನಿಮ್ಮ ವಾರ್ಡಿನ ರಸ್ತೆ, ಕಸ, ನೀರಿನ ಟ್ಯಾಂಕರ್ ಮಾತು ಎಲ್ಲಿ ಆಡ್ತೀರಿ?

ಹತ್ತನೇ ಮಹಡಿ

ಇದು ನಿಜ ಸರ್, ಒಪ್ಕೋತೀನಿ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲೇ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಅಂತ ಒಬ್ರೂ ಇಲ್ದೆ ಕಳೆದ್ವಿ, ಅದರ ಬಗ್ಗೆ ಒಬ್ರು ಗ್ರೂಪಲ್ಲಿ ಹಾಕಿದ್ರು, ರಾಜಕೀಯ ಅಂತ ಡಿಲೀಟ್ ಮಾಡ್ಸಿದ್ವಿ. ಡಿಲೀಟ್ ಮಾಡ್ಸಿದ್ದು ನಾನೇ. 2024ರ ಬೇಸಿಗೇಲಿ ಬೋರ್ ಬತ್ತಿದಾಗ ಪಕ್ಕದ ಬ್ಲಾಕಿನೋರ ಪರಿಚಯಾನೂ ಇರ್ಲಿಲ್ಲ ನಮಗೆ. ಓದ್ತಾ ಇರ್ತೀನಿ, ಮುಂದುವರ್ಸಿ.

ಕಾಲೋನಿ ಕೊನೆಮನೆ (ಚಾಮರಾಜನಗರ ಕಡೆ)

ಕೆರೆಏರಿ ಅಣ್ಣ, ನಿಮ್ಮ ಮನಸ್ಸು ಒಳ್ಳೇದಿದೆ ಅಂತ ಬರವಣಿಗೇಲೇ ಗೊತ್ತಾಗುತ್ತೆ, ಅದಕ್ಕೇ ಇದನ್ನ ಬಿಚ್ಚಿ ಹೇಳ್ತೀನಿ, ಬೇಜಾರಾಗ್ಬೇಡಿ.

ಎಲ್ಲಿ ಕೂರಿಸ್ತೀರಾ? ಅರಳಿಕಟ್ಟೇಲಾ? ನಮ್ಮೂರಲ್ಲೂ ಹಿಂಗೇ ರಾಜಿ ಅಂತ ಸೇರಿಸಿದ್ರು. ಕಟ್ಟೆ ಇರೋದು ಗುಡಿ ಮುಂದೆ. ಮೇಲೆ ಕೂತೋರು ಯಾರು, ಕೆಳಗೆ ನಿಂತೋರು ಯಾರು ಅಂತ ನಾನು ಹೇಳ್ಬೇಕಾ. ನಮ್ಮಪ್ಪ ಎರಡು ಗಂಟೆ ನಿಂತೇ ಇದ್ರು, ವಯಸ್ಸು ಅರವತ್ತೈದು. ಇಪ್ಪತ್ತೈದು ವರ್ಷದ ಹುಡುಗ ಒಬ್ಬ ನಮ್ಮಪ್ಪನಿಗೆ "ನೀನೇನ್ಲಾ ಹೇಳ್ತೀಯ" ಅಂದ. ನಾನು ಅದಕ್ಕೆ ದನಿ ಎತ್ತಿದೆ. ಆಗ ಎಲ್ರೂ ನನಗೇ ಹೇಳಿದ್ದು, ಮರ್ಯಾದೆಯಿಂದ ಮಾತಾಡೋದು ಕಲಿ ಅಂತ.

ಅಂದ್ರೆ ಮರ್ಯಾದೆ ಅನ್ನೋ ಪದಾನ ನಮ್ಮ ಬಾಯಿ ಮುಚ್ಚಿಸಕ್ಕೆ ಬಳಸಿದ್ರು. ಶಾಂತವಾಗಿ ಮಾತಾಡೋದು ಸೌಕರ್ಯ ಇರೋರಿಗೆ ಸುಲಭ ಅಣ್ಣ, ನೊಂದೋನ ದನಿ ನಡುಗುತ್ತೆ, ಜೋರಾಗುತ್ತೆ. ಅದನ್ನೂ ಕೇಳಿಸ್ಕೊಳೋದಾದ್ರೆ ಮಾತ್ರ ಕರೀರಿ.

ಅಂಬೇಡ್ಕರ್ ಅವರು 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೇಲಿ ಹೇಳಿದ್ರಲ್ಲ, ಓಟಲ್ಲಿ ಸಮಾನತೆ ಬರುತ್ತೆ, ಬದುಕಲ್ಲಿ ಅಸಮಾನತೆ ಉಳಿಯುತ್ತೆ, ಈ ವಿರೋಧಾಭಾಸ ಎಷ್ಟು ದಿನ ಇಟ್ಕೋತೀರಾ ಅಂತ. ಅದೇ ಭಾಷಣದಲ್ಲಿ ರಾಜಕೀಯದಲ್ಲಿ ಭಕ್ತಿ ಬೇಡ, ವ್ಯಕ್ತಿಪೂಜೆ ಬೇಡ, ಅದು ಸರ್ವಾಧಿಕಾರದ ದಾರಿ ಅಂತಾನೂ ಎಚ್ಚರಿಸಿದ್ರು. ಎರಡೂ ನಿಮ್ಮ ಊರಿನ ವಿಷಯಾನೇ.

ಇನ್ನೊಂದು. ಊರು ಒಂದಾಗೋದು ಅಂದ್ರೆ ಅವಿರೋಧ ಆಯ್ಕೆ ಅಂತ ತಿಳ್ಕೊಂಡಿರೋರು ಬಹಳ. 2020ರ ಡಿಸೆಂಬರ್ ಪಂಚಾಯ್ತಿ ಎಲೆಕ್ಷನಲ್ಲಿ ಮೆಂಬರ್ ಸೀಟನ್ನೇ ಹರಾಜು ಹಾಕಿದ್ರು ಅಂತ ಎಷ್ಟು ಊರಿನ ಸುದ್ದಿ ಬಂತು. ದೇವಸ್ಥಾನಕ್ಕೆ ದುಡ್ಡು ಬಂತು, ಜಗಳ ಇಲ್ಲ, ಊರು ತಣ್ಣಗಿದೆ ಅಂದ್ರು. ದುಡ್ಡಿಲ್ಲದೋನು ನಿಂತ್ಕೊಳೋ ಹಕ್ಕು ಅಲ್ಲೇ ಹೋಯ್ತು. ಅಂಥ ಶಾಂತಿಗಿಂತ ಜಗಳ ಆಡ್ಕೊಂಡು ಓಟ್ ಹಾಕೋದೇ ಮೇಲು ಅಂತೀನಿ ನಾನು.

ಕೆರೆಏರಿ

ನಿಮ್ಮ ಮಾತು ಎರಡು ಸಲ ಓದಿದೆ. ಕಟ್ಟೆ ಅಂತಾನೇ ಅನ್ಕೊಂಡಿದ್ವಿ ನಾವು, ಸುಳ್ಳು ಹೇಳಲ್ಲ. ನಮ್ಮ ಐದಾರು ಜನದಲ್ಲಿ ದಲಿತರ ಕಾಲೋನಿಯೋರು ಒಬ್ರೂ ಇಲ್ಲ ಅನ್ನೋದು ನೀವು ಬರೆದ್ಮೇಲೆ ಹೊಳೀತು. ನಾಳೆನೇ ಹೋಗಿ ಕೇಳ್ತೀನಿ. ಹೆಂಗಸ್ರೂ ಇಲ್ಲ.

ಸಂಘದ ಪುಸ್ತಕ (ತುಮಕೂರು ಕಡೆ)

ಹೆಂಗಸ್ರೂ ಇಲ್ಲ ಅಂತ ನೀವೇ ಬರೆದ್ರಲ್ಲ ಅಣ್ಣ, ಅದಕ್ಕೇ ಬರೀತಿದೀನಿ. ನಮ್ದು ಸ್ತ್ರೀಶಕ್ತಿ ಸಂಘ, ಈ ಯೋಜನೆ ಬಂದಿದ್ದೇ 2000-01ರಲ್ಲಿ, ನಮ್ಮತ್ತೆ ಕಾಲದಿಂದ ನಡೀತಿದೆ. ಪುಸ್ತಕ ಬರೆಯೋದು ನಾನು. ವಾರಕ್ಕೊಂದ್ ಸಲ ಉಳಿತಾಯ ಕಟ್ಟಕ್ಕೆ ಸೇರ್ತೀವಿ, ಗಂಡಂದಿರು ಮಾತು ಬಿಟ್ಟಿರೋ ಮನೆಯೋರೂ ಬರ್ತಾರೆ, ಸಾಲಕ್ಕೆ ಒಬ್ರಿಗೊಬ್ರು ಜವಾಬ್ದಾರಿ ಇರೋದ್ರಿಂದ ಮಾತಾಡ್ದೆ ವಿಧಿ ಇಲ್ಲ.

ನಮ್ಮಲ್ಲಿ ದೊಡ್ಡ ಜಗಳ ಆಗಿದ್ದು ಫ್ರೀ ಬಸ್ಸಿಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ನನ್ನ ಮೈದುನ ಆಟೋ ಓಡಿಸ್ತಾರೆ, ಅವರ ಮನೆಗೆ ಹೊಡೆತ ಬಿತ್ತು. ಅವರ ಹೆಂಡ್ತಿ, ನನ್ನ ವಾರಗಿತ್ತಿ, ಸಂಘದ ಮೆಂಬರ್. ಅವಳೆದುರು ಒಬ್ರು "ಬಿಟ್ಟಿ ಭಾಗ್ಯ ಅಂತ ಬೈತೀರಾ, ನೀವೂ ಅದೇ ಬಸ್ ಹತ್ತಲ್ವಾ" ಅಂದ್ರು, ಇವಳು "ನಮ್ಮ ಅನ್ನ ಕಿತ್ಕೊಂಡು ನಿಮಗೆ ಟಿಕೆಟ್ಟಾ" ಅಂದ್ಳು. ಎರಡು ವಾರ ಸಂಘ ಸೇರಲಿಲ್ಲ.

ಆಮೇಲೆ ನಾನು ಒಂದು ಮಾಡ್ದೆ, ಸಭೆಗೆ ಮೈದುನನ್ನೂ ಕರೆದೆ. ಹೆಂಗಸ್ರ ಸಂಘಕ್ಕೆ ನಾನ್ಯಾಕೆ ಬರ್ಲಿ ಅಂದ್ರು, ಬಂದು ನಿಮ್ಮ ಲೆಕ್ಕ ಹೇಳಿ ಸಾಕು ಅಂದೆ. ಗ್ಯಾರಂಟಿ ಸರಿನೋ ತಪ್ಪೋ ಇವತ್ತು ಬೇಡ, ಬಸ್ ಫ್ರೀ ಆಗೋ ಮುಂಚೆ ನಿಮ್ಮ ದಿನ ಹೆಂಗಿತ್ತು, ಈಗ ಹೆಂಗಿದೆ, ಅಷ್ಟು ಮಾತ್ರ ಪ್ರತಿಯೊಬ್ರೂ ಹೇಳ್ಬೇಕು ಅಂತ ಇಟ್ವಿ. ಗಾರ್ಮೆಂಟ್ಸಿಗೆ ಹೋಗೋ ಹುಡುಗಿ ಹೇಳಿದ್ಳು, ಬಸ್ ಚಾರ್ಜ್ ಉಳಿದಿದ್ದು ಮಗು ಟ್ಯೂಷನ್ನಿಗೆ ಹೋಗ್ತಿದೆ, ಮೊದಲು ಚಾರ್ಜಿಗೂ ಗಂಡನ್ನ ಕೇಳ್ಬೇಕಿತ್ತು, ಕೇಳಿದಾಗೆಲ್ಲ ಒಂದು ಮಾತು ಅನ್ನಿಸ್ಕೋಬೇಕಿತ್ತು ಅಂತ. ಅದು ಮೈದುನಂಗೆ ಗೊತ್ತೇ ಇರ್ಲಿಲ್ಲ. ಅವರು ಹೇಳಿದ್ರು, ಆಟೋ ಸಾಲದ ಕಂತು ಕಟ್ಟಿ ಡೀಸೆಲ್ಲಿಗೆ ಹಾಕಿದ್ಮೇಲೆ ಮನೆಗೆ ಏನೂ ಉಳೀದಿರೋ ದಿನಗಳಿವೆ, ಮಗಳ ಸ್ಕೂಲ್ ಬಿಡಿಸಿ ಬೇರೆ ಕಡೆ ಹಾಕ್ದೆ ಅಂತ. ಅದು ನಮಗ್ಯಾರಿಗೂ ಗೊತ್ತಿರ್ಲಿಲ್ಲ, ಒಂದೇ ಬೀದೀಲಿದ್ದೂ.

ಮಾತಾಡ್ತಾ ಮಾತಾಡ್ತಾ ಹೊರಗೆ ಬಂದಿದ್ದು ಏನಂದ್ರೆ ಬಸ್ಸು ಮೇನ್ ರೋಡಲ್ಲಿ ಇಳ್ಸುತ್ತೆ, ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್ ಕತ್ತಲಲ್ಲಿ ನಡೀಬೇಕು, ಹೆಣ್ಮಕ್ಳಿಗೆ ಅದೇ ಭಯ. ಈಗ ಏಳು ಜನ ತಿಂಗ್ಳಿಗಿಷ್ಟು ಅಂತ ಸೇರಿಸಿ ಮೈದುನಂಗೆ ಕೊಡ್ತಾರೆ, ಸಂಜೆ ಬಸ್ಸಿಗೆ ಆಟೋ ನಿಂತಿರುತ್ತೆ. ಅವರ ನಷ್ಟ ಪೂರ್ತಿ ತುಂಬಿಲ್ಲ. ಅವರು ಓಟ್ ಹಾಕೋ ಪಾರ್ಟಿ ಬದಲಾಗಿಲ್ಲ, ಈ ಹುಡುಗೀರದ್ದೂ ಬದಲಾಗಿಲ್ಲ. ಫ್ರೀ ಕೊಟ್ಟಿದ್ದು ತಪ್ಪು ಅಂತ ಅವರು ಇವತ್ತಿಗೂ ಆಟೋದಲ್ಲೇ ವಾದ ಮಾಡ್ತಾರೆ, ಇವರು ಉತ್ತರ ಕೊಡ್ತಾರೆ. ಆದ್ರೆ ಬಿಟ್ಟಿ ಅನ್ನೋ ಪದ ಬಿಟ್ಟಿದ್ದಾರೆ, ಇವರೂ ಹೊಟ್ಟೆಕಿಚ್ಚು ಅನ್ನೋದು ಬಿಟ್ಟಿದ್ದಾರೆ.

ಅದಕ್ಕೆ ನಾನು ಹೇಳೋದು, ಮೊದಲ್ನೇ ದಿನ ಯಾರು ಸರಿ ಅನ್ನೋದು ತೆಗೀಬೇಡಿ, ಯಾರಿಗೆ ಏನಾಯ್ತು ಅನ್ನೋದು ತೆಗೀರಿ.

ಮಂಡ್ಲ ಕಾಲದವ (ಹಾಸನ)

ನಾನು ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ. ನಜೀರ್ ಸಾಬ್ರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗಿನ ಮಂಡಲ ಪಂಚಾಯ್ತಿ, ಅಂದರೆ ಈಗಿನ ಗ್ರಾಮ ಪಂಚಾಯ್ತಿಗೂ ಮುಂಚಿನ ವ್ಯವಸ್ಥೆ ಕಂಡವನು. 1983ರ ಕಾಯ್ದೆ, 1987ರಲ್ಲಿ ಚುನಾವಣೆ, ಹೆಣ್ಮಕ್ಕಳಿಗೆ ನೂರಕ್ಕೆ 25 ಸೀಟು. ಊರೂರಿಗೂ ಬೋರ್‌ವೆಲ್ ಹಾಕಿಸಿ ಜನ ಅವರನ್ನ ನೀರ್ ಸಾಬ್ ಅಂತಾನೇ ಕರೀತಿದ್ರು. ಅವರು ನಂಬಿದ್ದು, ಊರಿನ ಜನಕ್ಕೆ ಅಧಿಕಾರ ಕೊಟ್ಟರೆ ಊರಿನ ಜನ ಮಾತಾಡಿ ತೀರ್ಮಾನ ಮಾಡ್ತಾರೆ ಅಂತ. ಆಮೇಲೆ 1993ರ ಕಾಯ್ದೆ ಬಂತು, ಅದರಲ್ಲೂ ಗ್ರಾಮಸಭೆ ಅನ್ನೋದು ಕಾನೂನಿನಲ್ಲೇ ಇದೆ. ಇವತ್ತಿಗೂ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಕೆರೆಏರಿಯವರೇ, ಇದನ್ನ ನಿಮ್ಮೂರಿನ ಹುಡುಗರಿಗೆ ನೆನಪು ಮಾಡಿಸಿ. ಪಕ್ಷ ಹಿಂದೆ ಇರುತ್ತೆ ನಿಜ, ಆದರೂ ಚರಂಡಿಗೆ ಪಕ್ಷ ಇಲ್ಲ ಅನ್ನೋ ಆಸೆ ಆ ನಿಯಮದಲ್ಲಿದೆ.

ನಾನು ಸರ್ವೀಸಿನಲ್ಲಿ ಕಲಿತ ಒಂದೇ ವಿದ್ಯೆ ಹೇಳ್ತೀನಿ. ಸಭೆ ಕೆಡೋದು ಬೈಗುಳದಿಂದ ಕಮ್ಮಿ, ನಾನು ಹಾಗೆ ಹೇಳೇ ಇಲ್ಲ ಅನ್ನೋದರಿಂದ ಹೆಚ್ಚು. ಅದಕ್ಕೆ ನಾನು ನಡವಳಿ ಬರೆಯುವಾಗ ಪ್ರತಿಯೊಬ್ಬರ ಮಾತು ಮುಗಿದ ಮೇಲೆ ಪೆನ್ನು ನಿಲ್ಲಿಸಿ, ಬರೆದದ್ದನ್ನ ಅವರಿಗೇ ಓದಿ ಹೇಳ್ತಿದ್ದೆ. "ಹಿಂಗೇ ಅಲ್ವಾ ತಾವು ಹೇಳಿದ್ದು?" ಅಂತ. ಅವರು ಹೌದು ಅಂದ ಮೇಲೇ ಮುಂದಿನವರಿಗೆ ಅವಕಾಶ. ಎಷ್ಟೋ ಸಲ ಅವರೇ "ಅದು ಬ್ಯಾಡ, ತೆಗೆದು ಹಾಕಿ, ಸಿಟ್ಟಲ್ಲಿ ಅಂದೆ" ಅಂತಿದ್ರು. ಎದುರು ಗುಂಪಿನವರೂ ಆ ಹೊತ್ತಿಗೆ ಪೂರ್ತಿ ಕೇಳಿಸಿಕೊಂಡಿರ್ತಾರೆ. ನಿಮ್ಮ ಸಭೇಲಿ ಬರೆಯೋರನ್ನ ಎರಡೂ ಕಡೆಗೆ ಸೇರದವರನ್ನ ಹಾಕಿ, ಹೈಸ್ಕೂಲ್ ಮೇಷ್ಟ್ರಾದರೆ ಒಳ್ಳೇದು. ಬರೆದದ್ದನ್ನ ನೂರು ಪುಟದ ನೋಟ್‌ಬುಕ್ಕಲ್ಲೇ ಬರೀರಿ, ಮೊಬೈಲಲ್ಲಿ ರೆಕಾರ್ಡ್ ಬೇಡ. ರೆಕಾರ್ಡ್ ಅಂದರೆ ಜನ ಎದುರಿಗಿರೋರ ಹತ್ತಿರ ಮಾತಾಡಲ್ಲ, ನೋಡೋರಿಗೆ ಭಾಷಣ ಮಾಡ್ತಾರೆ.

ಕೊನೆಮನೆಯವರು ಹೇಳಿದ ಏಕವಚನದ ವಿಷಯ ದೊಡ್ಡದು. ಸಭೇಲಿ ಎಲ್ಲರಿಗೂ ನೀವು. ಅಣ್ಣತಮ್ಮಂದಿರಾದರೂ, ಬಾಲ್ಯದ ಗೆಳೆಯರಾದರೂ, ಆ ಎರಡು ಗಂಟೆ ನೀವು. ಕೇಳಕ್ಕೆ ಚಿಕ್ಕ ವಿಷಯ. ನಮ್ಮ ಊರುಗಳಲ್ಲಿ ಅದು ಚಿಕ್ಕದಲ್ಲ.

ಕಾಲೋನಿ ಕೊನೆಮನೆ

ಸಾರ್, ಇದನ್ನ ನಮ್ಮೂರಲ್ಲಿ ಒಬ್ಬ ಕಾರ್ಯದರ್ಶಿ ಅವತ್ತು ಹೇಳಿದ್ದಿದ್ರೆ ನಮ್ಮಪ್ಪ ನಿಂತಿರ್ತಿರ್ಲಿಲ್ಲ.

ಕೆರೆಏರಿ (ಹದಿನೆಂಟು ದಿನ ಆದ್ಮೇಲೆ)

ಎಲ್ರೂ ಏನಾಯ್ತು ಅಂತ ಮೆಸೇಜ್ ಮಾಡಿದ್ರಿ, ತಡ ಆಯ್ತು, ಕಬ್ಬು ಕಟಾವು ಇತ್ತು.

ಭಾನುವಾರ ಸೇರಿದ್ವಿ. ಪ್ರೈಮರಿ ಸ್ಕೂಲಲ್ಲಿ, ಕಟ್ಟೇಲಲ್ಲ. ಕುರ್ಚಿ ಹಾಕ್ಲಿಲ್ಲ, ಎಲ್ರೂ ಚಾಪೆ ಮೇಲೆ. ಕಾಲೋನಿಯಿಂದ ಮೂರು ಮನೆ ಯಜಮಾನ್ರು ಬಂದ್ರು, ಮೊದಲು ಬಾಗ್ಲಲ್ಲೇ ನಿಂತಿದ್ರು, ಮೇಷ್ಟ್ರು ಎದ್ದು ಹೋಗಿ ಕರ್ಕೊಂಡ್ ಬಂದು ನಡುವೆ ಕೂರಿಸಿದ್ರು. ಹೆಂಗಸ್ರು ಹನ್ನೊಂದು ಜನ. ಒಟ್ಟು ಐವತ್ತರ ಹತ್ರ ಇದ್ವಿ. ಬರಲ್ಲ ಅಂದೋರೂ ಬೇಕಾದಷ್ಟು ಜನ ಇದ್ದಾರೆ, ಎರಡೂ ಕಡೆಯೋರು, ಇದೆಲ್ಲ ನಾಟಕ ಅಂತ ಹೇಳ್ಕೊಂಡು ಓಡಾಡ್ತಿದಾರೆ.

ನೀವು ಅನ್ನೋದು ಮೊದಲ ಕಾಲು ಗಂಟೆ ಬಾಯಿಗೇ ಬರ್ಲಿಲ್ಲ. ನಮ್ಮಣ್ಣ ದೊಡ್ಡಪ್ಪನ ಮಗನಿಗೆ ನೀವು ಅನ್ನಕ್ಕೆ ಹೋಗಿ ಮಾತೇ ನಿಲ್ಲಿಸ್ಬಿಟ್ರು, ಎಲ್ರೂ ಸುಮ್ನೆ ಕೂತಿದ್ವಿ. ಆಮೇಲೆ ಹೊಂದ್ಕೊಂಡ್ತು.

ಸಂಘದಕ್ಕ ಹೇಳಿದಂಗೆ ಯಾರಿಗೆ ಏನಾಯ್ತು ಅನ್ನೋದಷ್ಟೇ ಇಟ್ವಿ. ಪಟಾಕಿ ಹೊಡೆಸ್ಕೊಂಡ ಮನೆಯೋರ ಸರದಿ ಬಂತು. ಅವರು ಓಟಿನ ಮಾತೇ ಆಡ್ಲಿಲ್ಲ. ಅವತ್ತು ಒಳಗೆ ನಮ್ಮವ್ವ ಮಲಗಿದ್ರು, ಮಾರನೇ ದಿನ ಆಸ್ಪತ್ರೆಗೆ ಸೇರಿಸಬೇಕಿತ್ತು, ಸದ್ದಿಗೆ ಬೆಚ್ಚಿಬಿದ್ದು ರಾತ್ರಿಯೆಲ್ಲ ನನ್ನ ಕೈ ಹಿಡ್ಕೊಂಡೇ ಇದ್ರು, ಆಮೇಲೆ ಬಹಳ ದಿನ ಉಳೀಲಿಲ್ಲ ಅಂದ್ರು. ಪಟಾಕಿಯಿಂದ ಸತ್ರು ಅಂತ ನಾನು ಹೇಳಲ್ಲ, ಆದ್ರೆ ತಿಥಿಗೂ ನೀವ್ಯಾರೂ ಬರ್ಲಿಲ್ಲ ಅಂದ್ರು. ಮೇಷ್ಟ್ರು ಬರ್ಕೊಂಡು ಓದಿ ಹೇಳಿದ್ರು, ಅವರು ಹೌದು ಅಂದ್ರು.

ಆ ಅಜ್ಜಿ ಹುಷಾರಿಲ್ದೆ ಇದ್ದಿದ್ದು ಪಟಾಕಿ ಹಚ್ಚಿದೋರಿಗೆ ಗೊತ್ತಿರ್ಲಿಲ್ಲ. ಆ ಗುಂಪಿನ ಹುಡುಗ ಒಬ್ಬ ಆ ಅಜ್ಜಿ ಕೈಲೇ ಊಟ ಮಾಡಿ ಬೆಳೆದೋನು. ಅವನು ಎದ್ದು ಏನೋ ಹೇಳಕ್ಕೆ ಹೋದ, ಆಗ್ಲಿಲ್ಲ, ಹೊರಗಡೆ ಹೋಗ್ಬಿಟ್ಟ. ಇನ್ನೊಬ್ರು ಗೊತ್ತಿರ್ಲಿಲ್ಲ ಅಣ್ಣ, ಗೊತ್ತಿದ್ರೆ ಆ ಬೀದಿಗೇ ಬರ್ತಿರ್ಲಿಲ್ಲ ಅಂದ್ರು. ಅದನ್ನೂ ಮೇಷ್ಟ್ರು ಬರ್ಕೊಂಡ್ರು. ಯಾರೂ ಯಾರ್ನೂ ತಬ್ಕೊಳ್ಳಿಲ್ಲ, ಕ್ಷಮೆ ಅನ್ನೋ ಪದಾನೂ ಬರ್ಲಿಲ್ಲ. ಟೀ ಬಂತು, ಕುಡಿದ್ವಿ.

ಇಷ್ಟಾದ್ಮೇಲೆ ಕಾಲೋನಿ ಹಿರಿಯರೊಬ್ರು ಕೇಳಿದ್ರು, ಹಬ್ಬ ನಿಂತಿದ್ದಕ್ಕೆ ನಿಮಗೆ ದುಃಖ ಇದೆ, ಸರಿ, ಹಬ್ಬ ನಡೀತಿದ್ದಾಗ ನಾವು ತಮಟೆ ಬಡೀಬೇಕು, ತೇರಿಗೆ ಕೈ ಹಾಕಂಗಿರ್ಲಿಲ್ಲ, ಮತ್ತೆ ಶುರುವಾಗೋ ಹಬ್ಬದಲ್ಲೂ ಹಂಗೇನಾ ಅಂತ. ಅಲ್ಲಿ ಎರಡೂ ಪಾರ್ಟಿಯೋರು ಒಟ್ಟಿಗೇ ತಲೆ ತಗ್ಗಿಸಿದ್ರು. ನಾನೂ. ಉತ್ತರ ಅವತ್ತು ಆಗ್ಲಿಲ್ಲ, ಕೆಲವರು ಇದು ಬೇರೆ ವಿಷಯ ಅಂದ್ರು, ಮೇಷ್ಟ್ರು ಆ ಪ್ರಶ್ನೇನ ಅವರು ಕೇಳಿದಂಗೇ ಬರೆದು ಓದಿ, ಮುಂದಿನ ಸಲ ಇದೇ ಮೊದಲು ಅಂತ ಅಡಿಗೆರೆ ಹಾಕಿದ್ರು.

ಮಲಪ್ರಭಾ ಅಣ್ಣ, ನೀವು ಹೇಳಿದ್ದು ಇದೇ ಅಂತ ಆಗ ಗೊತ್ತಾಯ್ತು. ಹಬ್ಬದ ಡೇಟ್ ಇಟ್ಕೊಂಡು ಎದ್ದು ಬಂದಿದ್ರೆ ಈ ಪ್ರಶ್ನೆ ಇನ್ನೊಂದು ತಲೆಮಾರು ಹಂಗೇ ಇರ್ತಿತ್ತು.

ಹಬ್ಬದ ದಿನ ಇನ್ನೂ ಗೊತ್ತಾಗಿಲ್ಲ. ಮುಂದಿನ ಭಾನುವಾರ ಸಂಜೆ ಹಾಲು ಹಾಕಿದ್ಮೇಲೆ ಮತ್ತೆ ಸೇರ್ತೀವಿ. ಚಾಪೆ ಸಾಲದೆ ಹೋಯ್ತು, ಬರೋರು ಮನೆಯಿಂದ ಒಂದೊಂದು ತನ್ನಿ ಅಂತ ಡೈರಿ ಬೋರ್ಡಲ್ಲಿ ಬರೆದು ಹಾಕಿದೀವಿ.